ನಡುಮನೆಯ ಸಿಪಾಯಿ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಕಂಡಕ್ಟರು ಚಿಲ್ಲರೆ ಕೊಡುವ ಮೊದಲೇ ದಾಟಿಹೋಗುವ ಊರು ನಮ್ಮದು. ಇಂಥ ಊರಿಗೂ ಒಬ್ಬ ವೀರಯೋಧ ಇರಲಿ ಎಂದು ದೇವರು ಮನಸ್ಸು ಮಾಡಿದ. ಮಾಡಿ, ಆ ಕೆಲಸಕ್ಕೆ ಊರಿನಲ್ಲೇ ಅತ್ಯಂತ ನಾಲಾಯಕ್ಕಾದ ಮನುಷ್ಯನನ್ನು ಹುಡುಕಿ ತೆಗೆದ. ಅವನೇ ಮಿಲಿಟ್ರಿ ಪುಟ್ಟಮಲ್ಲಪ್ಪ.

ಪುಟ್ಟಮಲ್ಲಪ್ಪ ದೀಪಾವಳಿಯ ಮೂರು ದಿನವೂ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುವವನು. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಉಣ್ಣುವಾಗಲೂ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಹಿತ್ತಿಲ ಬಾಗಿಲಿನ ಮೇಲೆ. ಊರಿನವರು ಇದನ್ನೂ ಅವನ ಕೀರ್ತಿಗೇ ಸೇರಿಸಿದ್ದರು. "ಗಡೀಲಿ ಕಾವಲು ಕಾದೋನು ಕಣಯ್ಯ. ನೆಮ್ದಿಯಾಗಿ ಕೂತು ಉಣ್ಣಕ್ ಆಯ್ತದಾ?"

ಅವನ ಶೌರ್ಯಕ್ಕೆ ಇದ್ದ ಸಾಕ್ಷಿ ಒಂದೇ. ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ದೊಡ್ಡ ಫೋಟೋ. ಅದರಲ್ಲಿ ಹತ್ತಿ ತುಂಬಿದ ದಪ್ಪ ಕೋಟು, ನಕ್ಷತ್ರವಿರುವ ಟೋಪಿ ತೊಟ್ಟ ಹರೆಯದ ಪುಟ್ಟಮಲ್ಲಪ್ಪ ಬಂದೂಕು ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಹಿಂದೆ ಹಿಮಾಲಯ. ಹಿಮಾಲಯದ ಎಡಮಗ್ಗುಲಿನಿಂದ ತೆಂಗಿನ ಗರಿಯೊಂದು ಇಣುಕುತ್ತಿತ್ತು. ಯಾರಾದರೂ ಅದರ ಬಗ್ಗೆ ಕೇಳಿದರೆ ಅವನ ತಾಯಿ ಮಲ್ಲಾಜಮ್ಮ, "ಅಲ್ಲೂ ತೆಂಗು ಬೆಳೀತದೆ ಕಣಪ್ಪ, ನೀರು ಕಮ್ಮಿ," ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ನಿಜ ಸಂಗತಿ ಬೇರೆ. ಅರವತ್ತೈದನೇ ಇಸವಿಯ ಶ್ರಾವಣದಲ್ಲಿ, ಇಪ್ಪತ್ತು ವರ್ಷದ ಪುಟ್ಟಮಲ್ಲಪ್ಪ ಎತ್ತು ನೋಡಿಕೊಂಡು ಬರುತ್ತೇನೆಂದು ಹೋದವನು ಎತ್ತನ್ನೂ ತರಲಿಲ್ಲ, ತಾನೂ ಬರಲಿಲ್ಲ. ಕೊಪ್ಪದ ಹತ್ತಿರದ ಬಯಲಿನಲ್ಲಿ ಯಾರೋ ಸಿನಿಮಾ ತೆಗೆಯುತ್ತಿದ್ದರು. ಹೆಸರು 'ಪಲ್ಟನ್ ಪಾಪಣ್ಣ'. ಸೈನ್ಯದ ಅಡುಗೆಯವನೊಬ್ಬ ದಾರಿ ತಪ್ಪಿ ಶತ್ರುವಿನ ಠಾಣೆಗೆ ನುಗ್ಗಿ, ಕೈಯಲ್ಲಿದ್ದ ಸೌಟಿನಿಂದಲೇ ಅದನ್ನು ಗೆದ್ದುಬಿಡುವ ನಗೆಚಿತ್ರ. ಅದರಲ್ಲಿ ಸಿಪಾಯಿ ವೇಷಕ್ಕೆ ಜನ ಬೇಕಿತ್ತು. ಪುಟ್ಟಮಲ್ಲಪ್ಪ ನಲವತ್ತೆರಡು ದಿನ ಅಲ್ಲೇ ಇದ್ದು, ಕೂಲಿಯ ಬದಲು ಕೊಟ್ಟ ಒಂದು ಪ್ರಚಾರದ ಫೋಟೋವನ್ನು ಹಿಡಿದುಕೊಂಡು, ಬೋಳು ಕತ್ತರಿಸಿದ ತಲೆಯೊಂದಿಗೆ ಊರಿಗೆ ಬಂದ.

ಮಠದ ಸ್ವಾಮಿಗಳ ಪಾದ ತೊಳೆದ ಮನೆಯಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಮಗ! ಮಲ್ಲಾಜಮ್ಮ ಆ ಕ್ಷಣವೇ ತೀರ್ಮಾನಿಸಿದಳು. ಫೋಟೋದ ಅಡಿಯಲ್ಲಿ ಸಿನಿಮಾದ ಹೆಸರು ಅಚ್ಚಾಗಿದ್ದ ಪಟ್ಟಿಯನ್ನು ಹಿಂದಕ್ಕೆ ಮಡಚಿ ಕಟ್ಟು ಹಾಕಿಸಿದಳು. ಬಾವಿಕಟ್ಟೆಗೆ ಹೋಗಿ, "ನಮ್ ಪುಟ್ಮಲ್ಲ ಮಿಲಿಟ್ರಿಗೆ ಹೋಗಿದ್ದ," ಎಂದಳು. ಆಗ ಪಾಕಿಸ್ತಾನದ ಮೇಲೆ ಯುದ್ಧ ನಡೆಯುತ್ತಿತ್ತು.

"ಒಂದೂವರೆ ತಿಂಗ್ಳಿಗೇ ಬಂದ್ಬುಟ್ನಲ್ಲವ್ವ?" ಎಂದು ಯಾರೋ ಕೇಳಿದರು.

"ಕೆಲ್ಸ ಮುಗ್ಸಿ ಬಂದವ್ನೆ. ನಿನ್ ಮಗ್ನಂಗೆ ಎಳ್ದಾಡ್ಕಂಡ್ ಕೂತಿರ್ತಾನಾ?"

ಮೂರನೇ ದಿನ ರೇಡಿಯೋದಲ್ಲಿ ಯುದ್ಧ ನಿಂತಿತೆಂದು ಬಂತು. ಎರಡಕ್ಕೂ ಸಂಬಂಧವಿದೆ ಎಂದು ಊರು ನಂಬಿತು. ಪುಟ್ಟಮಲ್ಲಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ಸಿನಿಮಾ ಮೈಸೂರಿನಲ್ಲಿ ನಾಲ್ಕು ದಿನ ಓಡಿ, ಐದನೇ ದಿನ ಡಬ್ಬಿಯೊಳಗೆ ಹೋಯಿತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಜನಕ್ಕೆ ಸೌಟಿನ ಯುದ್ಧ ನಗು ತರಿಸಲಿಲ್ಲ.

ನಮ್ಮೂರಿನಲ್ಲಿ ಇನ್ನೂ ಒಬ್ಬನಿದ್ದ. ಕೇರಿಯ ಮಂಟಯ್ಯ. ಅವನು ಹದಿನೈದು ವರ್ಷ ನಿಜವಾದ ಸೈನ್ಯದಲ್ಲಿ ನಿಜವಾದ ಬಂದೂಕು ಹಿಡಿದವನು. ಅರವತ್ತೆರಡರಲ್ಲಿ ಚೀನಾದವರ ಎದುರು ನಿಂತು, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಕೊಟ್ಟು ಬಂದವನು. ಅವನನ್ನು ಊರು ಮಿಲಿಟ್ರಿ ಮಂಟಯ್ಯ ಎನ್ನಲಿಲ್ಲ. ಕುಂಟ ಮಂಟಯ್ಯ ಎಂದಿತು. ಹೊಗೆಸೊಪ್ಪು ಬಿಡಿಸುವ ಕೆಲಸಕ್ಕೆ ಪುಟ್ಟಮಲ್ಲಪ್ಪನ ಮನೆಗೆ ಅವನು ಎಷ್ಟೋ ಸಲ ಬಂದಿದ್ದ. ಅವನಿಗೆ ಗೊತ್ತುಮಾಡಿದ್ದ ಗಡಿ ಜಗಲಿಯ ಕೆಳಗಿನ ಕಲ್ಲು. ದೇಶದ ಗಡಿಯನ್ನು ದಾಟಿದವರುಂಟು, ಆ ಕಲ್ಲನ್ನು ದಾಟಿದವರಿರಲಿಲ್ಲ. ಹೀಗಾಗಿ ನಡುಮನೆಯ ಫೋಟೋವನ್ನು ಊರೆಲ್ಲ ನೋಡಿತ್ತು, ಮಂಟಯ್ಯನ ಕೇರಿಯೊಂದನ್ನು ಬಿಟ್ಟು.

ಒಮ್ಮೆ ಮಾತ್ರ ಮಂಟಯ್ಯ ದಾರಿಯಲ್ಲಿ ನಿಲ್ಲಿಸಿ ಕೇಳಿದ್ದ. "ನಿಮ್ದು ಯಾವ ರೆಜಿಮೆಂಟು ಪುಟ್ಟಮಲ್ಲಪ್ಪಾರೆ?"

"ನಮ್ದಾ... ಅದು... ದೊಡ್ಡದು," ಎಂದು ಪುಟ್ಟಮಲ್ಲಪ್ಪ ಹೊಗೆಸೊಪ್ಪಿನ ಹೊಲಕ್ಕೆ ಹಾರಿದ. ಅಲ್ಲಿಂದ ಮುಂದೆ ದೂರದಲ್ಲಿ ಕುಂಟುವ ನೆರಳು ಕಂಡರೆ ಸಾಕು, ಅವನು ಬೇಲಿ ಹಾರುತ್ತಿದ್ದ. ಇಷ್ಟೊಂದು ಬೇಲಿ ಹಾರಿದ ಸಿಪಾಯಿ ನಿಜವಾದ ಸೈನ್ಯದಲ್ಲೂ ಇರಲಿಕ್ಕಿಲ್ಲ.

ಇದು ಬರೀ ತಮಾಷೆಯಾಗಿ ಉಳಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮಾಜಿ ಸೈನಿಕರಿಗೆ ಸರ್ಕಾರ ಎರಡು ಎಕರೆ ಭೂಮಿ ಕೊಡುತ್ತದೆಂದು ಕೇಳಿ ಮಂಟಯ್ಯ ಅರ್ಜಿ ಹಾಕಿದ. ಅರ್ಜಿಗೆ ಊರಿನ ದೃಢೀಕರಣ ಬೇಕಿತ್ತು. ಊರಿನ ರಿಜಿಸ್ಟರಿನಲ್ಲಿ 'ಮಾಜಿ ಸೈನಿಕರು' ಎಂಬ ಕಡೆ ಒಂದೇ ಸಾಲು ಇತ್ತು. ಆ ಸಾಲಿನಲ್ಲಿ ಹಿಂದಿನವರು ಯಾವಾಗಲೋ 'ಪುಟ್ಟಮಲ್ಲಪ್ಪ' ಎಂದು ಬರೆದು ತುಂಬಿಸಿಬಿಟ್ಟಿದ್ದರು. ಮಂಟಯ್ಯ ತನ್ನ ಸರ್ವೀಸ್ ಬುಕ್ಕು, ಪದಕ, ಬೆರಳಿಲ್ಲದ ಕಾಲು ಮೂರನ್ನೂ ತೋರಿಸಿದ. ವಿಲೇಜ್ ಅಕೌಂಟೆಂಟ್ ದೇವರಾಜು ಮೂರನ್ನೂ ನೋಡಿ ನಿಟ್ಟುಸಿರು ಬಿಟ್ಟ. "ಜಾಗ ಖಾಲಿ ಇಲ್ಲ ಮಂಟಯ್ಯ. ಇರೋದನ್ನ ತಿದ್ದುದ್ರೆ ಎನ್ಕ್ವೈರಿ. ಎನ್ಕ್ವೈರಿ ಆದ್ರೆ ಸಸ್ಪೆಂಡು. ನಂಗೆ ಎರಡು ಹೆಣ್ಮಕ್ಳು."

ಹೀಗೆ ಅರ್ಜಿ ಏಳು ಸಲ ಹೋಗಿ ಎಂಟು ಸಲ ವಾಪಸ್ಸು ಬಂತು. ಒಂದು ಸಲ ಕಳಿಸದೆಯೇ ವಾಪಸ್ಸು ಬಂದಿತ್ತು. ಕಚೇರಿಗಳ ಮಹಿಮೆ.

ತೊಂಬತ್ತೊಂಬತ್ತರಲ್ಲಿ ಕಾರ್ಗಿಲ್ ಯುದ್ಧವಾಯಿತು. ಅಲ್ಲಿಯವರೆಗೆ ಸೈನಿಕರು ಎಲ್ಲಿದ್ದಾರೆಂದು ಕೇಳದ ದೇಶಕ್ಕೆ ಇದ್ದಕ್ಕಿದ್ದಂತೆ ಎಲ್ಲ ಊರಿನಲ್ಲೂ ಒಬ್ಬೊಬ್ಬ ಸೈನಿಕ ಬೇಕಾದ. ಆಗಸ್ಟ್ ಹದಿನೈದಕ್ಕೆ ಪ್ರತಿ ಪಂಚಾಯ್ತಿಯೂ ಒಬ್ಬ ಮಾಜಿ ಯೋಧನನ್ನು ಸನ್ಮಾನಿಸಬೇಕು, ಅಲ್ಲೇ ತಹಸೀಲ್ದಾರರು ಅವನಿಗೆ ಎರಡು ಎಕರೆಯ ಮಂಜೂರಾತಿಯನ್ನೂ ಕೊಡುತ್ತಾರೆ ಎಂದು ಕಾಗದ ಬಂತು. ಪಂಚಾಯ್ತಿ ಅಧ್ಯಕ್ಷ ಗುರುಮಲ್ಲಪ್ಪ ದೇವರಾಜುವನ್ನು ಕರೆದುಕೊಂಡು, ಫೋಟೋ ಹಿಡಿಯುವ ಪೇಪರಿನವನೊಬ್ಬನನ್ನೂ ಕಟ್ಟಿಕೊಂಡು ಪುಟ್ಟಮಲ್ಲಪ್ಪನ ಮನೆಗೆ ಬಂದ.

"ನಂಗೆ ಬೇಡ ಗುರುಮಲ್ಲಣ್ಣ," ಎಂದ ಪುಟ್ಟಮಲ್ಲಪ್ಪ, ಕಂಬದ ಹಿಂದಿನಿಂದ.

"ನೋಡು ನೋಡು, ಅದೇ ದೊಡ್ಡತನ!" ಗುರುಮಲ್ಲಪ್ಪ ಪೇಪರಿನವನ ಕಡೆ ತಿರುಗಿದ. "ಬರ್ಕೊಳ್ರಿ. ಸನ್ಮಾನ ಬ್ಯಾಡ ಅಂದ ಯೋಧ."

"ಅಂಗಲ್ಲ. ಭೂಮಿನೂ ಬೇಡ. ನಂಗೇ ಆರೆಕ್ರೆ ಅದೆ."

"ಭೂಮಿಯನ್ನೂ ತಿರಸ್ಕರಿಸಿದ ಯೋಧ. ಬರ್ಕೊಂಡ್ರಾ?"

"ಮಂಟಯ್ಯಂಗೆ ಕೊಡ್ರಣ್ಣ," ಎಂದ ಪುಟ್ಟಮಲ್ಲಪ್ಪ. ಬಾಯಿಂದ ಬಂದ ಮಾತು ಅವನಿಗೇ ಹೊಸದು.

ಗುರುಮಲ್ಲಪ್ಪ ನಕ್ಕ. "ಏ, ಅವ್ನಿಗ್ ಶಾಲು ಹೊದಿಸಿ ನಿನ್ನ ಜಗ್ಲಿ ಮೇಲೆ ಕೂರ್ಸ್ತೀಯೇನ್ಲಾ? ಸುಮ್ಕಿರು. ಊರಿನ ಮರ್ಯಾದೆ ಪ್ರಶ್ನೆ."

ಪುಟ್ಟಮಲ್ಲಪ್ಪನ ಹೆಂಡತಿ ಸರ್ವಮಂಗಳ ಎಲ್ಲರಿಗೂ ಕಾಫಿ ಕೊಟ್ಟಳು. ಪೇಪರಿನವನು ಫೋಟೋದ ಫೋಟೋ ಹಿಡಿದುಕೊಂಡು ಹೋದ. ಎರಡು ದಿನ ಕಳೆದ ಮೇಲೆ ಪೇಪರಿನಲ್ಲಿ ಅದು ಬಂದಾಗ ಮುಖವೂ ಟೋಪಿಯೂ ಮಸಿಯಲ್ಲಿ ಮುಳುಗಿ, ಕೋಟು ಮತ್ತು ತೆಂಗಿನ ಗರಿ ಮಾತ್ರ ಸ್ಪಷ್ಟವಾಗಿದ್ದವು.

ಆದರೆ ಆ ತೆಂಗಿನ ಗರಿಯನ್ನು ಮೈಸೂರಿನಲ್ಲಿ ಒಬ್ಬ ನೋಡಿದ. ಅವನ ಹೆಸರು ಶಿವಶಂಕರ. ಅವನ ರೋಗವೇನೆಂದರೆ ಯಾರೂ ನೋಡದ ಸಿನಿಮಾಗಳ ಸಾಮಾನು ಕೂಡಿಹಾಕುವುದು. ಮರುದಿನವೇ ಸ್ಕೂಟರಿನಲ್ಲಿ ಬಂದು, ನಡುಮನೆಗೆ ನುಗ್ಗಿ, ಜೇಬಿನಿಂದ ಭೂತಗನ್ನಡಿ ತೆಗೆದು ಫೋಟೋದ ಮೂಲೆಮೂಲೆಯನ್ನೂ ನೋಡತೊಡಗಿದ. ಪುಟ್ಟಮಲ್ಲಪ್ಪ ಇವನು ಸಿಐಡಿಯೇ ಎಂದುಕೊಂಡು ಗೋಡೆಗೆ ಒರಗಿದ.

"ಇದರ ಕೆಳಗಿನ ಪಟ್ಟಿ ಎಲ್ಲಿ?" ಎಂದ ಶಿವಶಂಕರ.

"ಯಾವ... ಯಾವ ಪಟ್ಟಿ?"

"ಹೆದರಬೇಡಿ ಸಾರ್. ನೀವು 'ಪಲ್ಟನ್ ಪಾಪಣ್ಣ'ದಲ್ಲಿ ಇದ್ರಿ. ಅಲ್ವಾ?" ಶಿವಶಂಕರನ ಕಣ್ಣಲ್ಲಿ ನೀರೇ ಬಂದಿತ್ತು. "ಹದಿನಾಲ್ಕು ವರ್ಷದಿಂದ ಹುಡುಕ್ತಿದೀನಿ! ಅದರ ಒಂದು ರೀಲೂ ಉಳಿದಿಲ್ಲ. ದಾವಣಗೆರೆಯಲ್ಲಿ ಒಬ್ಬರ ಹತ್ರ ಹಾಡಿನ ಪುಸ್ತಕ ಇದೆ, ಅದರಲ್ಲೂ ಇದೇ ಹಿಮಾಲಯ, ಇದೇ ತೆಂಗಿನ ಗರಿ. ಮುಟ್ಟೋಕೂ ಬಿಡಲಿಲ್ಲ ಸಾರ್ ಆ ಮನುಷ್ಯ, ದೂರದಿಂದ ತೋರಿಸಿ ಬೀರುಗೆ ಹಾಕ್ಬಿಟ್ಟ."

"ನಾಕು ದಿನ ಓಡಿದ್ದು ಸ್ವಾಮಿ ಅದು," ಎಂದ ಪುಟ್ಟಮಲ್ಲಪ್ಪ ಪಿಸುಮಾತಿನಲ್ಲಿ. "ಚೆನ್ನಾಗಿರ್ಲಿಲ್ಲ."

"ಅದಕ್ಕೇ ಸಾರ್! ನೂರು ದಿನ ಓಡಿದ್ದು ಎಲ್ಲರ ಮನೇಲೂ ಇರುತ್ತೆ. ನಾಲ್ಕು ದಿನ ಓಡಿದ್ದು ಯಾರ ಮನೇಲಿರುತ್ತೆ ಹೇಳಿ? ಜನ ಮರೆತಿದ್ದು ನಮಗೆ ಬಂಗಾರ. ನೀವು ಯಾವ ಪಾರ್ಟು ಮಾಡಿದ್ರಿ? ಸೌಟಿನ ಸೀನಲ್ಲಿ ಇದ್ರಾ?"

ಅಷ್ಟರಲ್ಲಿ ಮಲ್ಲಾಜಮ್ಮ ಕೋಲೂರಿಕೊಂಡು ಒಳಗಿನಿಂದ ಬಂದಳು. "ಯಾರ್ಲಾ ಇದು? ಸಿನಿಮಾ ಗಿನಿಮಾ ಅಂತಾವ್ನೆ?"

"ಸಿಪಾಯಿಗಳ ವಿಚಾರ ಬರಿಯೋರಂತೆ ಕಣವ್ವ," ಎಂದ ಪುಟ್ಟಮಲ್ಲಪ್ಪ. "ಕೂತ್ಕೊಳಿ ಸ್ವಾಮಿ, ನೀರು ತತ್ತೀನಿ," ಎಂದು ಹಿತ್ತಿಲಿಗೆ ಹೋದವನು ಅಲ್ಲಿಂದಲೇ ಬೇಲಿ ಹಾರಿ, ರಸ್ತೆಗೆ ಬಂದು, ಹುಣಸೂರಿನ ಬಸ್ಸು ಹತ್ತಿ, ಅಲ್ಲಿಂದ ಕೆ.ಆರ್. ನಗರದ ಬಸ್ಸು ಹತ್ತಿ, ಮಿರ್ಲೆಯಲ್ಲಿದ್ದ ಮಗಳ ಮನೆ ಸೇರಿದ. ನೀರಿಗಾಗಿ ಶಿವಶಂಕರ ಎರಡು ಗಂಟೆ ಕಾದ. ಕಲರ್ ಟಿವಿ ಕೊಡುತ್ತೇನೆ, ಫೋಟೋ ಕೊಡಿ ಎಂದು ಸರ್ವಮಂಗಳಳನ್ನು ಕೇಳಿದ. ಅವಳು ಟಿವಿಯ ಅಳತೆ ಎಷ್ಟೆಂದು ಕೇಳುತ್ತಿರುವಾಗಲೇ ಮಲ್ಲಾಜಮ್ಮ ಅವನನ್ನು ಕೋಲು ತೋರಿಸಿ ಆಚೆಗೆ ಅಟ್ಟಿದಳು.

ಆಗಸ್ಟ್ ಹದಿನೈದರ ಬೆಳಗ್ಗೆ ಊರು ಸಿಂಗಾರವಾಗಿತ್ತು, ಯೋಧ ಮಾತ್ರ ಇರಲಿಲ್ಲ. ಗುರುಮಲ್ಲಪ್ಪ ತಲೆಯ ಮೇಲೆ ಕೈಹೊತ್ತು ಕೂರುವ ಜಾತಿಯವನಲ್ಲ.

"ಆಳಿಲ್ದಿದ್ರೆ ಏನಾಯ್ತು? ಫೋಟೋ ಅದಲ್ಲ! ಮೆರವಣ್ಗೆ ಅದ್ರದ್ದೇ ಮಾಡಿ. ಅಷ್ಟ್ರಲ್ಲಿ ಬತ್ತಾನೆ."

ಹೀಗೆ ಮೂವತ್ತನಾಲ್ಕು ವರ್ಷಗಳ ಬಳಿಕ ನಡುಮನೆಯ ಸಿಪಾಯಿ ಮೊದಲ ಸಲ ಹೊಸ್ತಿಲು ದಾಟಿ ಹೊರಬಂದ. ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಫೋಟೋ, ಫೋಟೋಕ್ಕೆ ಗಂಧದ ಹಾರ, ಮುಂದೆ ಊದುಬತ್ತಿ, ಹಿಂದೆ ಬ್ಯಾಂಡು. ನಮ್ಮ ಕಡೆ ಫೋಟೋಕ್ಕೆ ಗಂಧದ ಹಾರ ಯಾವಾಗ ಹಾಕುತ್ತಾರೆಂದು ಮಗುವಿಗೂ ಗೊತ್ತು. ದೇಶಪ್ರೇಮದ ಭರದಲ್ಲಿ ಯಾರಿಗೂ ಹೊಳೆಯಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಕಿಟಕಿಗಳಿಗೆ ಮಾತ್ರ ಚೆನ್ನಾಗಿ ಹೊಳೆಯಿತು. ಆ ಬಸ್ಸು ಹುಣಸೂರು ಮುಟ್ಟುವ ಹೊತ್ತಿಗೆ ಪುಟ್ಟಮಲ್ಲಪ್ಪ ಸತ್ತಿದ್ದ. ಅಲ್ಲಿಂದ ಯಾರೋ ಮಿರ್ಲೆಯ ಅಂಗಡಿಯೊಂದಕ್ಕೆ ಫೋನು ಮಾಡಿದಾಗ ಅವನು ಮಗಳ ಮನೆಯಲ್ಲಿ ಮೂರನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

"ಅಯ್ಯೋ, ನಿಮ್ಮಪ್ಪಯ್ಯ ಹೋಗ್ಬುಟ್ರಂತೆ ಕಣವ್ವಾ!" ಎಂದು ಅಂಗಡಿಯವನು ಓಡಿ ಬಂದ.

"ಎಲ್ಲೋದ್ರು?" ಎಂದಳು ಮಗಳು. "ಇಲ್ಲೇ ಅವ್ರಲ್ಲ."

ಅಂಗಡಿಯವನು ಪುಟ್ಟಮಲ್ಲಪ್ಪನನ್ನು ನೋಡಿ ಕಿರುಚಿ ಹಿಂದಕ್ಕೆ ಸರಿದ. ಕೈ ತೊಳೆಯದೆಯೇ ಪುಟ್ಟಮಲ್ಲಪ್ಪ ಅಳಿಯನ ಬೈಕು ಹತ್ತಿದ. ತಾನು ಸತ್ತ ಸುದ್ದಿ ಕೇಳಿ ಅವ್ವ ನಿಜವಾಗಿಯೂ ಸತ್ತುಹೋದಾಳೆಂಬ ಭಯ ಅವನಿಗೆ.

ಇತ್ತ ಮೆರವಣಿಗೆ ಯೋಧನ ದಾರಿ ಕಾಯುತ್ತಾ ಊರನ್ನು ನಾಲ್ಕು ಸುತ್ತು ಸುತ್ತಿ ಶಾಲೆಯ ಮೈದಾನಕ್ಕೆ ಬಂತು. ಗೇಟು ಕಿರಿದು, ಟ್ರ್ಯಾಕ್ಟರು ಅಗಲ. ಟ್ರಾಲಿ ಗೇಟಿನಲ್ಲಿ ಸಿಕ್ಕಿಕೊಂಡು ನಿಂತಿತು. ಗೇಟಿನ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಬಣ್ಣ ಹೋದ ಖಾಕಿ ಕೋಟಿಗೆ ಪದಕ ಸಿಕ್ಕಿಸಿಕೊಂಡು ಮಂಟಯ್ಯ ನಿಂತಿದ್ದ. ಪ್ರತಿ ವರ್ಷ ಬಾವುಟಕ್ಕೆ ಸೆಲ್ಯೂಟ್ ಹೊಡೆಯಲು ಹಾಗೆ ಬರುತ್ತಿದ್ದ. ಫೋಟೋ ಸರಿಯಾಗಿ ಅವನ ಮುಖದ ಎದುರಿಗೆ ಬಂದು ನಿಂತಿತು.

ಮಂಟಯ್ಯ ನೋಡಿದ. ಬಗ್ಗಿ ನೋಡಿದ. ಹಾರವನ್ನು ಒಂದು ಬೆರಳಿನಿಂದ ಸರಿಸಿ ಟೋಪಿಯನ್ನು ನೋಡಿದ. ಆಮೇಲೆ ಅವನ ಹೊಟ್ಟೆಯಿಂದ ಏನೋ ಗುಡುಗಿನಂತೆ ಎದ್ದು ಬಂತು. ಅವನು ನಗುತ್ತಿದ್ದ. ಊರಿನವರು ಮಂಟಯ್ಯ ನಕ್ಕಿದ್ದನ್ನು ಕಂಡೇ ಇರಲಿಲ್ಲ. ನಿಂತು ನಕ್ಕ, ಟ್ರಾಲಿ ಹಿಡಿದುಕೊಂಡು ನಕ್ಕ, ಕೊನೆಗೆ ನೆಲದ ಮೇಲೆ ಕೂತು ನಕ್ಕ. ಮೂವತ್ತನಾಲ್ಕು ವರ್ಷದ ಮೇಲೆ 'ಪಲ್ಟನ್ ಪಾಪಣ್ಣ' ಸಿನಿಮಾಕ್ಕೆ ಮೊದಲ ನಗು ಬಿದ್ದಿತ್ತು.

"ಏನ್ಲಾ ಅದು ಕಿಸಿಯೋದು? ವೀರಯೋಧನ ಮುಂದೆ!" ಗುರುಮಲ್ಲಪ್ಪ ಗದರಿದ.

ಮಂಟಯ್ಯ ಕಣ್ಣೊರೆಸಿಕೊಂಡ. "ಇದು ಚೀನಾದ ಟೋಪಿ ಕಣ್ರೀ ಗುರುಮಲ್ಲಪ್ಪಾರೆ. ಕೋಟೂ ಅವ್ರದ್ದೇ. ಇಂಥ ಟೋಪಿಯೋರು ನನ್ ಮೇಲೆ ಗುಂಡು ಹಾರಿಸ್ತಿದ್ರು, ಮರೀತೀನಾ? ಇಷ್ಟು ವರ್ಷ ನೀವು ಆರತಿ ಎತ್ತಿದ್ದು ಚೀನಾದ ಸಿಪಾಯಿಗೆ."

ಬ್ಯಾಂಡು ನಿಂತಿತು.

"ಸುಳ್ಳು!" ಎಂದ ಗುರುಮಲ್ಲಪ್ಪ. "ಇಷ್ಟು ದಿವ್ಸ ಯಾಕೆ ಹೇಳ್ಲಿಲ್ಲ ನೀನು?"

"ಇಷ್ಟು ದಿವ್ಸ ಎಲ್ಲಿ ನೋಡಿದ್ದೆ ನಾನು?" ಎಂದ ಮಂಟಯ್ಯ. "ಇದು ಆಚೆ ಬಂದಿದ್ದು ಇವತ್ತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಬಿಟ್ಟರೆ ಕೆಟ್ಟೆ ಎಂದು ಶಿವಶಂಕರ ಮತ್ತೆ ಬಂದಿದ್ದ. ಯಾರೋ ಅವನ ಕಿವಿಗೆ ಸಂಗತಿ ಹಾಕಿದರು. "ಚೀನೀ ಸೈನಿಕನಾ? ಹಾಗಾದ್ರೆ ಸೌಟಿನ ಸೀನು!" ಎಂದು ಕೂಗುತ್ತಾ ಟ್ರಾಲಿಯ ಮೇಲೆ ಹಾರಿ, ಫೋಟೋದ ಹಿಂದಿನ ರಟ್ಟು ಕಿತ್ತೇಬಿಟ್ಟ. ಮಡಚಿದ ಪಟ್ಟಿ ಬಿಚ್ಚಿಕೊಂಡಿತು. 'ಪಲ್ಟನ್ ಪಾಪಣ್ಣ. ನಗೆಯ ಫಿರಂಗಿ! ಮನೆಮಂದಿಯೆಲ್ಲ ನೋಡಿ ನಗಿರಿ!' ಶಿವಶಂಕರ ಟ್ರಾಲಿಯ ಮೇಲೆಯೇ ಕುಣಿದ. "ಪಟ್ಟಿ ಇದೆ! ಹರಿದಿಲ್ಲ! ದಾವಣಗೆರೆಯವನು ಸತ್ತ!"

"ಇನ್ನೊಬ್ರು ಯಾರ್ ಸತ್ರು?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಬೈಕಿನಿಂದ ಇಳಿದ ಪುಟ್ಟಮಲ್ಲಪ್ಪ ನಿಂತಿದ್ದ. ಕೈಯಲ್ಲಿ ಇನ್ನೂ ಅನ್ನದ ಅಗುಳು.

ಇನ್ನು ಹಾರಲು ಬೇಲಿ ಇರಲಿಲ್ಲ. ಅವನು ಪಟ್ಟಿಯನ್ನು ನೋಡಿದ, ಮಂಟಯ್ಯನನ್ನು ನೋಡಿದ, ಹೇಳಿಬಿಟ್ಟ.

"ಹೂಂ ಕಣ್ರಪ್ಪ. ಚೀನಾದವ್ನೇ ನಾನು. ಬೈಲಕುಪ್ಪೆಗೆ ಆಗ ತಾನೆ ಬಂದಿದ್ದ ಟಿಬೆಟ್ಟಿನೋರನ್ನ ಆ ಪಾರ್ಟು ಮಾಡಕ್ಕೆ ಕರುದ್ರು. ಚೀನಾದವ್ರ ವೇಸ ಅಂತ ಗೊತ್ತಾದೇಟ್ಗೆ ಕೊಡ್ಲಿ ತಕ್ಕಂಡು ಕ್ಯಾಮ್ರಾದೋರನ್ನ ಕಾಡ್ಗಂಟ ಅಟ್ಟುದ್ರು. ಆಮ್ಯಾಕೆ ನನ್ ಕಣ್ಣಿನ ತುದಿಗೆ ಅಂಟು ಬಳ್ದು ಎಳುದ್ರು. ಪಾಪಣ್ಣ ಸೌಟಲ್ಲಿ ಹೊಡೀಬೇಕು, ನಾನು ಬಿದ್ದು ಸಾಯ್ಬೇಕು. ಅಷ್ಟೇಯ ನನ್ ಮಿಲಿಟ್ರಿ."

ದೇವರಾಜು ರಿಜಿಸ್ಟರನ್ನು ಎದೆಗವಚಿಕೊಂಡ. ಗುರುಮಲ್ಲಪ್ಪ ಗಡಿಯಾರ ನೋಡಿಕೊಂಡ. ತಹಸೀಲ್ದಾರರ ಜೀಪು ಬರುವ ಹೊತ್ತು. ನಮ್ಮೂರಿನ ಬುದ್ಧಿವಂತಿಕೆ ಏನೆಂಬುದು ಆಗ ಬಯಲಾಯಿತು.

"ಎಲ್ಲಾ ಕೇಳಿ ಇಲ್ಲಿ," ಎಂದ ಗುರುಮಲ್ಲಪ್ಪ. "ಯಾರೂ ತುಟಿ ಬಿಚ್ಚಂಗಿಲ್ಲ. ಪಟ್ಟಿ ಮಡ್ಚಿ. ಹಾರ ಟೋಪಿ ಮ್ಯಾಕೆ ಎಳೀರಿ. ಸನ್ಮಾನ ಪುಟ್ಟಮಲ್ಲಪ್ಪಂಗೇ."

"ಚೀನಾದವ್ನಿಗಾ?" ಎಂದ ಮಂಟಯ್ಯ.

"ಚೀನಾದವ್ನಾದ್ರೂ ನಮ್ಮವ್ನು ಕಣಯ್ಯ!"

ಈ ಮಾತಿಗೆ ಊರು ತಲೆದೂಗಿತು. ನಾನೂ ಅಲ್ಲೇ ಇದ್ದೆ, ಬರೆದಿಡುತ್ತಿದ್ದೇನೆ. ಮಂಟಯ್ಯ ಬಾವುಟದ ಕಂಬದ ಹತ್ತಿರ ಹೋಗಿ ನಿಂತುಕೊಂಡ. ಅವನಿಗೆ ಕುರ್ಚಿ ಹಾಕಿರಲಿಲ್ಲ.

ತಹಸೀಲ್ದಾರರು ಬಂದರು. ಬಾವುಟ ಹಾರಿತು. ಪುಟ್ಟಮಲ್ಲಪ್ಪನನ್ನು ನಾಲ್ವರು ತಳ್ಳಿ ವೇದಿಕೆ ಹತ್ತಿಸಿದರು. ಅವನ ಕಾಲುಗಳು ಒಂದೆಡೆ ನಿಲ್ಲದೆ ವೇದಿಕೆಯ ಹಲಗೆಗಳು ಟಕಟಕ ಎನ್ನುತ್ತಿದ್ದವು. ಮಲ್ಲಾಜಮ್ಮ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಗೇಟಿನ ಹತ್ತಿರ ನಡೆದಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಪಕ್ಕದಲ್ಲೇ ಒಲೆಯ ಮೇಲೆ ಮಕ್ಕಳಿಗೆ ಹಂಚುವ ಉಪ್ಪಿಟ್ಟು ಬೇಯುತ್ತಿತ್ತು.

"ಎರಡು ಮಾತಾಡಿ," ಎಂದರು ತಹಸೀಲ್ದಾರರು, ಶಾಲು ಬಿಚ್ಚುತ್ತಾ.

ಪುಟ್ಟಮಲ್ಲಪ್ಪ ಮೈಕು ಹಿಡಿದ. ಬಾವುಟದ ಕಂಬದ ಹತ್ತಿರ ನೆಟ್ಟಗೆ ನಿಂತಿದ್ದ ಮಂಟಯ್ಯನನ್ನು ನೋಡಿದ.  

"ನಾನು ಮಿಲಿಟ್ರಿಗೆ ಹೋಗಿಲ್ಲ ಸ್ವಾಮಿ. ಮುಖಕ್ಕೆ ಬಣ್ಣ ಹಚ್ಕಂಡು ಸಿನಿಮಾಕ್ಕೆ ಹೋಗಿದ್ದೆ."

ಮಲ್ಲಾಜಮ್ಮ ಎದ್ದಳು. ಎಂಬತ್ತರ ಮುದುಕಿ ಹೇಗೆ ಹತ್ತಿದಳೋ, ಒಲೆಯ ಹತ್ತಿರದಿಂದ ಉಪ್ಪಿಟ್ಟಿನ ಸೌಟು ಕೈಗೆ ಹೇಗೆ ಬಂತೋ ಯಾರೂ ಕಾಣರು. "ಮನೆತನದ ಮಾನ ತಗುದ್ಯಲ್ಲೋ ಬಣ್ಣದವ್ನೇ!" ಎಂದು ಮಗನ ತಲೆಗೆ ಬಾರಿಸಿದಳು.

ಸೌಟು ತಲೆಗೆ ತಾಗಿದ ಕ್ಷಣ ಪುಟ್ಟಮಲ್ಲಪ್ಪನ ಮೈಯಲ್ಲಿ ಏನೋ ಎದ್ದಿತು. ಆ ಏಟಿಗೆ ಹೇಗೆ ಬೀಳಬೇಕೆಂದು ಕೊಪ್ಪದ ಬಯಲಿನಲ್ಲಿ ಹದಿನೇಳು ಸಲ ಮಾಡಿಸಿದ್ದರು. ಅವನು ಎರಡೂ ಕೈ ಮೇಲೆತ್ತಿದ. ಕಣ್ಣುಗುಡ್ಡೆಗಳನ್ನು ಮೂಗಿನ ಕಡೆ ತಂದ. ಒಂದೂವರೆ ಸುತ್ತು ತಿರುಗಿದ. ನಾಲಿಗೆ ಹೊರಚಾಚಿ, ಕಡಿದ ಬಾಳೆಯಂತೆ ಬೆನ್ನ ಮೇಲೆ ಬಿದ್ದ. ಒಂದು ಕಾಲು ಮೇಲೆದ್ದು, ಎರಡು ಸಲ ಒದ್ದಾಡಿ, ನಿಧಾನವಾಗಿ ಇಳಿಯಿತು.

"ಇದೇ! ಇದೇ ಸೀನು!" ಎಂದು ಶಿವಶಂಕರ ಅಳತೊಡಗಿದ. "ಹಾಡಿನ ಪುಸ್ತಕದ ಚಿತ್ರದಲ್ಲಿ ಇದ್ದ ಹಾಗೇ!"

"ಜೀವ ಇದೆಯೇನ್ರೀ?" ಎಂದರು ತಹಸೀಲ್ದಾರರು. ಶಾಲು ಅವರ ಕೈಯಲ್ಲೇ ಇತ್ತು.

ದೇವರಾಜು ಬಗ್ಗಿ ಮೂಗಿನ ಹತ್ತಿರ ಬೆರಳಿಟ್ಟ. ಪುಟ್ಟಮಲ್ಲಪ್ಪ ಒಂದು ಕಣ್ಣು ತೆರೆದ.

"ದೇವರಾಜಣ್ಣ. ಸತ್ತ ಅಂತ ಬರ್ಕೊ."

"ಆಂ?"

"ತಿದ್ದುದ್ರೆ ತಾನೆ ಎನ್ಕ್ವೈರಿ? ಸಾಯೋಕೆ ಎನ್ಕ್ವೈರಿ ಇಲ್ವಲ್ಲ. ಜಾಗ ಖಾಲಿ ಆಯ್ತದೆ. ಬರ್ಕೊ."

ದೇವರಾಜುವಿನ ಮುಖದಲ್ಲಿ ಇಪ್ಪತ್ತು ವರ್ಷದ ಗಂಟು ಬಿಚ್ಚಿಕೊಂಡಿತು. ಅಲ್ಲೇ ಮಂಡಿಯೂರಿ, ರಿಜಿಸ್ಟರು ತೆರೆದು, 'ಮಾಜಿ ಸೈನಿಕ ಪುಟ್ಟಮಲ್ಲಪ್ಪ' ಎಂಬುದರ ಮುಂದೆ 'ಮೃತ' ಎಂದು ಬರೆದ. ಅಲ್ಲಿಗೆ ಜಾಗ ಖಾಲಿಯಾಯಿತು.

"ಏಯ್, ಉಸಿರಾಡ್ತಾವ್ನೆ ಕಣಯ್ಯ!" ಗುರುಮಲ್ಲಪ್ಪ ಕಿರುಚಿದ.

"ಸೈನಿಕ ಸತ್ತವ್ನೆ," ಎಂದ ದೇವರಾಜು. "ಉಸಿರಾಡ್ತಿರೋನು ಸಿನಿಮಾದವ್ನು. ಅವ್ನಿಗೂ ನನ್ನ ರಿಜಿಸ್ಟ್ರಿಗೂ ಸಂಬಂಧ ಇಲ್ಲ." ತಹಸೀಲ್ದಾರರ ಕಡೆ ತಿರುಗಿ ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದ. "ಸಾರ್, ಈ ಊರಿನಲ್ಲಿ ಇನ್ನೊಬ್ಬ ಮಾಜಿ ಸೈನಿಕರಿದ್ದಾರೆ. ಕಂಬದ ಹತ್ರ."

ಮಂಟಯ್ಯ ಕುಂಟುತ್ತಾ ಬಂದ. ವೇದಿಕೆಯ ಮೆಟ್ಟಿಲ ಹತ್ತಿರ ಅಭ್ಯಾಸದಿಂದ ಒಂದು ಕ್ಷಣ ನಿಂತ. ಆಮೇಲೆ ಹತ್ತಿದ. ತಹಸೀಲ್ದಾರರ ಎದುರು ಹಿಮ್ಮಡಿ ಜೋಡಿಸಿ ಒಂದು ಸೆಲ್ಯೂಟ್ ಹೊಡೆದ. ಅಂಥ ಸೆಲ್ಯೂಟನ್ನು ನಮ್ಮೂರು ಕಣ್ಣೆತ್ತಿ ನೋಡಿದ್ದು ಅಂದೇ ಮೊದಲು. ಪೇಪರಿನವನ ಕ್ಯಾಮೆರಾ ಕಾಯುತ್ತಿತ್ತು. ತಹಸೀಲ್ದಾರರು ಶಾಲು ಹೊದಿಸಿದರು. ಇಡೀ ಮೈದಾನ ಸುಮ್ಮನಿತ್ತು. ಗುರುಮಲ್ಲಪ್ಪ ನೆಲ ನೋಡುತ್ತಿದ್ದ.

ಒಬ್ಬನೇ ಚಪ್ಪಾಳೆ ತಟ್ಟಿದ. ಅವನು ವೇದಿಕೆಯ ಮೇಲೆ ಸತ್ತು ಬಿದ್ದಿದ್ದ.

ಮಂಜೂರಾದ ಎರಡು ಎಕರೆಯಲ್ಲಿ ಕಲ್ಲೇ ಹೆಚ್ಚು. ಅದರ ಪತ್ರ ಸರಿಯಾಗಿ ಕೈಗೆ ಬರಲು ದೀಪಾವಳಿ ಆಯಿತು. ಫೋಟೋ ಮೈಸೂರಿಗೆ ಹೋಯಿತು. ಶಿವಶಂಕರ ಅದರ ಕೆಳಗೆ 'ಮೂರನೇ ಚೀನೀ ಸೈನಿಕ: ಪುಟ್ಟಮಲ್ಲಪ್ಪ' ಎಂದು ಬರೆಸಿ, ದಾವಣಗೆರೆಯವನನ್ನು ಕರೆಸಿ, ದೂರದಿಂದ ತೋರಿಸಿ ಬೀರುವಿಗೆ ಹಾಕಿದನಂತೆ. ಸರ್ವಮಂಗಳಳ ಮನೆಗೆ ಟಿವಿ ಬಂತು. ಮಲ್ಲಾಜಮ್ಮ ಅದರ ಮುಂದಿನಿಂದ ಏಳುವುದೇ ಇಲ್ಲ. ಸಾವಿನ ಆ ಒಂದು ಪದ ಯಾವ ದಾರಿ ಹಿಡಿದು ಹೋಯಿತೋ, ರೇಷನ್ ಕಾರ್ಡಿನಿಂದಲೂ ಪುಟ್ಟಮಲ್ಲಪ್ಪನ ಹೆಸರು ಹೊಡೆದುಹೋಯಿತು. ಅವನಿಗೆ ಚಿಂತೆಯಿರಲಿಲ್ಲ. ಆ ದೀಪಾವಳಿಗೆ ಕಿವಿಗೆ ಹತ್ತಿಯನ್ನೂ ಇಟ್ಟುಕೊಳ್ಳಲಿಲ್ಲ.

ಮಂಜೂರಾತಿಯ ಪತ್ರ ಹಿಡಿದು ಮಂಟಯ್ಯ ಬಂದ. ಜಗಲಿಯ ಕೆಳಗಿನ ಕಲ್ಲಿನ ಹತ್ತಿರ ನಿಂತ. ಪುಟ್ಟಮಲ್ಲಪ್ಪ ನಡುಮನೆಯಿಂದ ಅವನನ್ನು ನೋಡಿದ. ಬೇಲಿ ಹಾರಲಿಲ್ಲ. ಬಾಗಿಲಿಗೆ ಬಂದ. ಹಿಂದಿನ ಗೋಡೆಯಲ್ಲಿ ಫೋಟೋ ಇದ್ದ ಜಾಗ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು.

"ಒಳಕ್ ಬಾ ಮಂಟಯ್ಯಣ್ಣ," ಎಂದ.

"ಏನಂದೆ?" ಒಳಗಿನಿಂದ ಮಲ್ಲಾಜಮ್ಮನ ದನಿ ಬಂತು. "ಯಾರ್ನ ಕರ್ದೆ?"

"ಸುಮ್ಕಿರವ್ವ. ನಾನು ಸತ್ತೋನು. ಸತ್ತೋನಿಗೆ ಯಾವ್ ಮೈಲ್ಗೆ?" ಮಂಟಯ್ಯನ ಕಡೆ ತಿರುಗಿದ. "ಬಾ."

ಮಂಟಯ್ಯ ಕಲ್ಲನ್ನು ನೋಡಿದ. ಬಾಗಿಲನ್ನು ನೋಡಿದ. ಬಿಳಿಯ ಚೌಕವನ್ನು ನೋಡಿದ.

"ನಾನು ಒಳಕ್ ಬರೋಕೆ ನೀನು ಸಾಯ್ಬೇಕಾಯ್ತಾ ಪುಟ್ಮಲ್ಲಪ್ಪ?"

 ಪುಟ್ಟಮಲ್ಲಪ್ಪನ ಕಾಲು ಹಳೆಯ ಅಭ್ಯಾಸದಂತೆ ಅತ್ತಿತ್ತ ಆಡತೊಡಗಿತು.

ಮಂಟಯ್ಯ ಆ ಕಲ್ಲಿನ ಮೇಲೆ ಕೂತುಕೊಂಡ. ಬೆರಳಿಲ್ಲದ ಕಾಲನ್ನು ಚಾಚಿದ. ಪಕ್ಕದ ಜಾಗವನ್ನು ಕೈಯಿಂದ ಒರೆಸಿದ.

"ನೀನೇ ಈಚೆಗೆ ಬಾ," ಎಂದ. "ಆ ಸೌಟಿನ ಏಟಿಗೆ ಬಿದ್ಯಲ್ಲ, ಅದನ್ನ ಇನ್ನೊಂದ್ ಸಲ ತೋರ್ಸು."